ಒಳಪಟ್ಟಿ

"ಉದ್ದಕ್ಕೂ ಕತ್ತರಿಸ್ಲಿಕ್ಕೆ ಇಲ್ಲ ಶಶಿಯಕ್ಕ. ತುದಿಗೆ ಒಂದು ಕಚ್ಚು ಹಾಕಿ, ಸಾಕು. ಮತ್ತೆ ಹರಿಯುವುದೇ," ಎಂದರು ಶರ್ಲಿ ಬಾಯಿ. "ಕೈಮಗ್ಗದ್ದಲ್ವಾ, ನೂಲು ಹಿಡ್ಕೊಂಡು ನೇರ ಹೋಗ್ತದೆ. ಕತ್ತರಿಯಾದ್ರೆ ನಿಮ್ಮ ಕೈ ನಡುಗಿದ ಕಡೆಗೆ ಅದೂ ಹೋಗ್ತದೆ."

ಶಶಿಪ್ರಭಾ ಸೆರಗಿನ ತುದಿಯಲ್ಲಿ, ಅಂಚಿನಿಂದ ಎರಡೂವರೆ ಇಂಚು ಅಳೆದು ಕಚ್ಚು ಹಾಕಿದಳು. ಕಾಫಿ ಬಣ್ಣದ ಚೌಕುಳಿ, ಸಾಸಿವೆ ಬಣ್ಣದ ಸಣ್ಣ ಅಂಚು. ಅಮ್ಮನ ಉಡುಪಿ ಸೀರೆ. ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಎಳೆದಳು. ಪರ್ರೆಂದು ಸೀರೆ ಆ ತುದಿಯಿಂದ ಈ ತುದಿಯವರೆಗೆ ಬಾಯಿಬಿಟ್ಟಿತು. ಬಿಜೈಯ ಆ ಎರಡನೇ ಮಹಡಿಯ ಮನೆಯಲ್ಲಿ ಅಷ್ಟು ದೊಡ್ಡ ಸದ್ದಾಗಿ ಬಹಳ ಕಾಲವಾಗಿತ್ತು. ಹರಿದ ಮೇಲೆ ಅವಳು ಯಾರಾದರೂ ಕೇಳಿಸಿಕೊಂಡರೋ ಎನ್ನುವ ಹಾಗೆ ಬಾಗಿಲ ಕಡೆ ನೋಡಿದಳು.

ಕೇಳಿಸಿಕೊಳ್ಳಲು ಯಾರಿದ್ದರು? ಕೆಳಗಿನ ಮನೆಯ ಶರ್ಲಿ ಬಾಯಿಯೊಬ್ಬರೇ ಅಲ್ಲಿಗೆ ಬಂದು ಹೋಗುವವರು. ಪ್ರಾಯದಲ್ಲಿ ಶಶಿಪ್ರಭಾಳಿಗಿಂತ ನಾಲ್ಕು ವರ್ಷ ದೊಡ್ಡವರೇ. ಆದರೂ 'ಶಶಿಯಕ್ಕ' ಎನ್ನುವುದನ್ನು ಬಿಟ್ಟವರಲ್ಲ. ತನ್ನ ಪ್ರಾಯ ಇಳಿಸಿಕೊಳ್ಳಲು ಅದಕ್ಕಿಂತ ಅಗ್ಗದ ದಾರಿ ಅವರಿಗೆ ಸಿಕ್ಕಿರಲಿಲ್ಲ. ಇಗರ್ಜಿಯ ಸೇಲಿಗೆಂದು ವರ್ಷವರ್ಷ ತುಂಡುಬಟ್ಟೆಯ ಹೊದಿಕೆ ಹೊಲಿಯುತ್ತಿದ್ದ ಅವರು ಈ ಸಲ ಬಟ್ಟೆಪಟ್ಟಿಯ ನೆಲಹಾಸು ಹೊಲಿಯಲು ಕಲಿತಿದ್ದರು. ಬಟ್ಟೆಯ ಪಟ್ಟಿಯೊಳಗೆ ಇನ್ನೊಂದು ಪಟ್ಟಿ ಇಟ್ಟು ಮಡಚಿ ಹೊಲಿದರೆ ದಪ್ಪ ಹಗ್ಗದಂತಾಗುತ್ತದೆ. ಆ ಹಗ್ಗವನ್ನು ಸುತ್ತಿಸುತ್ತಿ, ಒಂದು ಸುತ್ತಿಗೆ ಇನ್ನೊಂದನ್ನು ಸೇರಿಸಿ ಹೊಲಿದರೆ ಮೆತ್ತನೆಯ ಹಾಸು. ಅದನ್ನು ನೋಡಿದ ದಿನವೇ ಶಶಿಪ್ರಭಾಳ ತಲೆಯೊಳಗೆ ತಂಗಿಯ ಹಿಮ್ಮಡಿ ಹೊಕ್ಕಿತ್ತು.

ತಂಗಿ ವನಜಾಕ್ಷಿ ತೊಕ್ಕೊಟ್ಟಿನ ಒಳರಸ್ತೆಯಲ್ಲಿ ಹೊಸ ಮನೆ ಕಟ್ಟಿಸಿದ್ದಳು. ಅವಳ ಮಗಳು ಮನ್ವಿತಾ ಮನೆಒಕ್ಕಲಿನ ಕಾಗದವನ್ನು ವಾಟ್ಸಾಪಿನಲ್ಲಿ ಕಳಿಸಿ, "ದೊಡ್ಡಮ್ಮ, ನೀವು ಬರ್ಲೇಬೇಕು. ಅಮ್ಮ ಹೇಳ್ಲಿಕ್ಕೆ ಹೇಳಿದ್ದಾರೆ" ಎಂದು ಬರೆದಿದ್ದಳು. ಕೊನೆಯ ಮಾತು ನಿಜವೋ, ಹುಡುಗಿಯ ಒಳ್ಳೆಯತನವೋ ಎಂದು ಶಶಿಪ್ರಭಾ ಕೆದಕಲು ಹೋಗಲಿಲ್ಲ. ಫೋನು ಮಾಡಿದಾಗ ಹುಡುಗಿ ಮಾತಿನ ಮಧ್ಯೆ, "ಟೈಲ್ಸ್ ಹಾಕಿಸಿದ್ದೇವೆ, ಅದರ ಮೇಲೆ ನಿಂತ್ರೆ ಅಮ್ಮನಿಗೆ ಹಿಮ್ಮಡಿ ನೋವು, ಅಡುಗೆಮನೆಯಲ್ಲಿ ಹತ್ತು ನಿಮಿಷ ನಿಲ್ಲಿಕ್ಕೆ ಆಗುವುದಿಲ್ಲ" ಎಂದಿದ್ದಳು. ಅಷ್ಟು ಸಾಕಾಯಿತು.

ಅಕ್ಕತಂಗಿಯರ ಮಾತು ನಿಂತು ಐದು ವರ್ಷ. ಜಗಳವಾದದ್ದೂ ಈ ಸೀರೆಗಳಿಗೇ. ಅಮ್ಮನ ಉತ್ತರಕ್ರಿಯೆ, ಬೊಜ್ಜ, ಮುಗಿದ ಮರುದಿನ ಇಬ್ಬರೂ ಕೂತು ಬಂಗಾರವನ್ನು ಚಕಾರವೆತ್ತದೆ ಹಂಚಿಕೊಂಡಿದ್ದರು. ಆಮೇಲೆ ವನಜಾಕ್ಷಿ ಕಪಾಟಿನ ಕಡೆ ನೋಡಿ, "ಅಮ್ಮನ ಸೀರೆ ಎರಡು ನನಗೂ ಕೊಡು ಅಕ್ಕ" ಎಂದಳು. ಕಪಾಟು ತೆರೆದರೆ ಅಮ್ಮನ ವಾಸನೆ ಹೊರಗೆ ಹೋಗಿಬಿಡುತ್ತದೆ ಎಂಬ ಹೆದರಿಕೆ ಶಶಿಪ್ರಭಾಳಿಗೆ. ಅದನ್ನು ಹಾಗೆಯೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಾಸಿಗೆ ಹಿಡಿದ ಅಮ್ಮನನ್ನು ಮೂರು ವರ್ಷ ನೋಡಿಕೊಂಡು ನಿದ್ದೆಗೆಟ್ಟವಳ ಬಾಯಿಯಿಂದ ಬಂದದ್ದು ಬೇರೆಯೇ: "ಭಾನುವಾರ ಭಾನುವಾರ ನೆಂಟರ ಹಾಗೆ ಬಂದು ಹೋದವಳಿಗೆ ಸೀರೆ ಬೇರೆ ಕೇಡು!"

ವನಜಾಕ್ಷಿ ಬಿಳಿಚಿದಳು. "ನಾನು ಬಂದಾಗೆಲ್ಲ ಅಮ್ಮ ಚಂದ ಮಲಗಿಕೊಂಡು ನಗ್ತಾ ಇದ್ರು. ನಿನಗೆ ಅಂಥ ಕಷ್ಟ ಎಂತ ಇತ್ತು, ನಾನೂ ನೋಡ್ಬೇಕಿತ್ತು," ಎಂದವಳು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮೆಟ್ಟಿಲನ್ನು ಅವಳು ಮತ್ತೆ ಹತ್ತಲಿಲ್ಲ.

ಶಶಿಪ್ರಭಾಳಿಗೆ ಈಗ ಅರುವತ್ತಮೂರು. ಮದುವೆಯಾಗಲಿಲ್ಲ. ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಮೊದಮೊದಲು ಟ್ರಂಕ್ ಕಾಲಿನ ಬೋರ್ಡಿನ ಮುಂದೆ ಕಿವಿಗೆ ಹೆಡ್‌ಸೆಟ್ಟು ಏರಿಸಿಕೊಂಡು ಊರಿನವರ ಮಾತನ್ನೆಲ್ಲ ಊರಾಚೆಯವರಿಗೆ ಜೋಡಿಸಿದವಳು. ಮಾತಿನ ಮಧ್ಯೆ ಬಾಯಿ ಹಾಕಿ "ಮೂರು ನಿಮಿಷ ಆಯಿತು" ಎಂದು ನೆನಪಿಸುವುದು ಅವಳ ಕೆಲಸವಾಗಿತ್ತು. ಲೈನು ಸತ್ತಿದೆಯೋ, ಆ ಕಡೆ ಯಾರೋ ಇದ್ದೂ ಮಾತಾಡುತ್ತಿಲ್ಲವೋ ಎಂಬುದು ಅವಳಿಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು. ಈಗ ಅವಳ ಫೋನಿಗೆ ಬರುವುದು ಸಾಲ ಬೇಕೇ ಎಂದು ಕೇಳುವವರ ಕರೆ. ಒಂದು ದಿನ ಅಂಥ ಹುಡುಗಿಯೊಬ್ಬಳ ಹತ್ತಿರ ಶಶಿಪ್ರಭಾ ಹತ್ತು ನಿಮಿಷ ಮಾತಾಡಿ, ಊಟ ಆಯಿತಾ ಎಂದೂ ಕೇಳಿ, ಫೋನಿಟ್ಟ ಮೇಲೆ ತನಗೇ ನಾಚಿಕೆಯಾಗಿ ಮುಖ ತೊಳೆದುಕೊಂಡಿದ್ದಳು. ಇರುವವಳು ಒಬ್ಬಳೇ ತಂಗಿ. ಅವಳು ಮತ್ತೊಮ್ಮೆ ಆ ಮೆಟ್ಟಿಲು ಹತ್ತಿ ಬರಬೇಕು, ಅಷ್ಟೇ ಬೇಕಾಗಿದ್ದುದು.

ಐದು ಸೀರೆಗಳಿಂದ ಎರಡೆರಡು ಪಟ್ಟಿ ಸಾಕಾಯಿತು. ಪ್ರತಿಯೊಂದರದ್ದೂ ಅಂಚಿನ ಪಟ್ಟಿ ಒಂದು, ಅದರ ಪಕ್ಕದ್ದು ಒಂದು. ಉಳಿದದ್ದು ಸೀರೆಯೂ ಅಲ್ಲದ ತುಂಡೂ ಅಲ್ಲದ ಸ್ಥಿತಿಯಲ್ಲಿ ಮತ್ತೆ ಕಪಾಟು ಸೇರಿತು.

"ಒಳಗಿಡ್ಲಿಕ್ಕೆ ಹತ್ತಿಯ ಪಟ್ಟಿ ಬೇಕು. ನಾನು ಆನ್‌ಲೈನಿನಲ್ಲಿ ತರಿಸಿದ್ದು, ಬರ್ಲಿಕ್ಕೆ ಹತ್ತು ದಿನ ಹಿಡೀತು," ಎಂದರು ಶರ್ಲಿ ಬಾಯಿ.

"ಒಕ್ಕಲಿಗೆ ಇರುವುದೇ ಎಂಟು ದಿನ."

"ಹಾಗಾದ್ರೆ ಹಳೇ ಶೀಟ್ ಎಂತಾದ್ರೂ ಉಂಟಾ? ತೊಳೆದು ತೊಳೆದು ಮೆತ್ತಗಾದದ್ದು? ಅದೇ ಒಳ್ಳೇದು. ಒಳಗೆ ಯಾರು ನೋಡ್ತಾರೆ?"

ಶಶಿಪ್ರಭಾ ಅಮ್ಮನ ಕೋಣೆಯ ಕಡೆ ನೋಡಿ, "ಉಂಟು" ಎಂದಳು.

ಅಮ್ಮನ ಮಂಚದ ಕೆಳಗೆ ಕಬ್ಬಿಣದ ಪೆಟ್ಟಿಗೆಯಲ್ಲಿ ಏಳು ಬಿಳಿ ಶೀಟುಗಳಿದ್ದವು. ಅಮ್ಮನಿಗೆ ಪಾರ್ಶ್ವವಾಯು ಬಡಿದ ವರ್ಷ ಶಶಿಪ್ರಭಾ ಅವಧಿಗೆ ಮೊದಲೇ ನಿವೃತ್ತಿ ಬರೆದುಕೊಟ್ಟು, ಮಾರ್ಕೆಟ್ಟಿಗೆ ಹೋಗಿ ತಂದವು ಅವು. ಒಂದೊಂದರ ಮೂಲೆಯಲ್ಲೂ ಕೆಂಪು ನೂಲಿನಲ್ಲಿ ಅಕ್ಷರ ಹೊಲಿದಿದ್ದಳು: ಸೋ, ಮಂ, ಬು, ಗು, ಶು, ಶ, ಭಾ. ಯಾವುದು ಒಣಗಿದೆ, ಯಾವುದು ನೆನೆಹಾಕಿದೆ ಎಂದು ತಲೆ ಕೆಡಿಸಿಕೊಳ್ಳುವ ಹಾಗಿರಬಾರದು ಎಂದು. ವಾರದ ದಿನಗಳ ಆರು ಶೀಟುಗಳು ಎಷ್ಟು ಕುದಿಸಿದರೂ ಹಳದಿ ಬಿಟ್ಟಿರಲಿಲ್ಲ. ಭಾನುವಾರದ್ದು ಮಾತ್ರ ನೀಲಿ ಅಂಚಿನದು, ಈಗಲೂ ಹೊಸದರ ಹಾಗಿತ್ತು.

ಅದು ಅಮ್ಮನ ಹಟ. ಭಾನುವಾರ ಹತ್ತು ಗಂಟೆಗೆ ವನಜ ಬರುತ್ತಾಳೆಂದರೆ ಏಳಕ್ಕೇ ಶುರು. ಮೈ ಒರೆಸಬೇಕು, ಪೌಡರ್ ಹಾಕಬೇಕು, ತಲೆ ಬಾಚಬೇಕು, ನೀಲಿ ಅಂಚಿನ ಶೀಟು ಹಾಸಬೇಕು. ವಾರೆಯಾದ ಬಾಯಿಯಲ್ಲಿ ಅಮ್ಮ ಹೇಳುತ್ತಿದ್ದದ್ದು ಒಂದೇ ಮಾತು: "ಸಣ್ಣವಳಿಗೆ ಗೊತ್ತಾಗುವುದು ಬೇಡ. ಅವಳು ತಡಕೊಳ್ಳುವವಳಲ್ಲ." ಹಾಗಾದರೆ ನಾನು ತಡೆದುಕೊಳ್ಳುವವಳಾ ಎಂದು ಶಶಿಪ್ರಭಾ ಕೇಳಿರಲಿಲ್ಲ. ವನಜ ಒಂದು ಗಂಟೆ ಕೂತು, ತಂದ ಮೀನಿನ ಸಾರು ಅಡುಗೆಮನೆಯಲ್ಲಿಟ್ಟು, ಗಂಡನ ಹೋಟೆಲಿನ ಮಧ್ಯಾಹ್ನದ ಗಿರಾಕಿಗಳ ಹೊತ್ತಿಗೆ ಬಸ್ಸು ಹಿಡಿಯುತ್ತಿದ್ದಳು. ಅವಳು ಮೆಟ್ಟಿಲಿಳಿದ ಕೂಡಲೇ ನೀಲಿ ಅಂಚಿನದನ್ನು ತೆಗೆದು ಬೇರೆ ಹಾಸುವುದು. ಜಗಳದ ದಿನ ನಾಲಿಗೆಯ ತುದಿಯವರೆಗೆ ಬಂದರೂ ಶಶಿಪ್ರಭಾ ಅದೊಂದನ್ನು ಬಾಯಿಬಿಟ್ಟಿರಲಿಲ್ಲ. ಅಮ್ಮನಿಗೆ ಕೊಟ್ಟ ಮಾತು.

ಏಳು ಶೀಟುಗಳಿಂದಲೂ ಮೂರು ನಾಲ್ಕು ಪಟ್ಟಿ ಹರಿದಳು. ಹಳೆಯ ಬಟ್ಟೆ, ಸದ್ದಿಲ್ಲದೆ ಹರಿಯಿತು. ಆಮೇಲೆ ನಾಲ್ಕು ದಿನ ಅಮ್ಮನ ಕಾಲುಮೆಷಿನ್ನಿನ ಮುಂದೆ ಕೂತು, ಸೀರೆಯ ಪಟ್ಟಿಯ ಮೇಲೆ ಶೀಟಿನ ಪಟ್ಟಿ ಇಟ್ಟು, ಎರಡೂ ಬದಿ ಒಳಕ್ಕೆ ಮಡಚಿ, ಮತ್ತೊಮ್ಮೆ ಮಡಚಿ ಹೊಲಿದಳು. ಬೆರಳಿನ ದಪ್ಪದ ಹಗ್ಗ ಮೆಷಿನ್ನಿನ ಹಿಂದಿನಿಂದ ಇಳಿದು ಬಕೆಟಿನಲ್ಲಿ ಸುತ್ತಿಕೊಳ್ಳುತ್ತ ಹೋಯಿತು. ಹೊರಗೆ ಸೀರೆಯ ಬಣ್ಣ ಮಾತ್ರ. ಬಿಳಿ ಎಲ್ಲಿಯೂ ಕಾಣುತ್ತಿರಲಿಲ್ಲ. ಆ ನಾಲ್ಕು ದಿನ ಅವಳು ಟೀವಿ ಹಾಕಲಿಲ್ಲ. ಹೊಲಿಯುತ್ತ ಹೊಲಿಯುತ್ತ ತಂಗಿಯ ಹತ್ತಿರ ಆಡಬೇಕಾದ ಮಾತುಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿದಳು, ಅವಳು ಕೊಡಬಹುದಾದ ಉತ್ತರಗಳನ್ನೂ ತಾನೇ ಕೊಟ್ಟುಕೊಂಡಳು. ಎಲ್ಲ ಸರಿಹೋಗುತ್ತಿತ್ತು. ಇಬ್ಬರ ಮಾತನ್ನೂ ಒಬ್ಬಳೇ ಆಡಿದರೆ ಯಾವ ಜಗಳವೂ ಉಳಿಯುವುದಿಲ್ಲ.

ಸುತ್ತು ಹೊಲಿಯಲು ಆಚೀಚೆ ಅಂಕುಡೊಂಕಾಗಿ ಓಡುವ ಹೊಲಿಗೆ ಬೇಕು. ಅದು ಶರ್ಲಿ ಬಾಯಿಯ ಕರೆಂಟಿನ ಮೆಷಿನ್ನಿನಲ್ಲಿತ್ತು. ಬಕೆಟು ಹಿಡಿದುಕೊಂಡು ಶಶಿಪ್ರಭಾ ಕೆಳಗಿಳಿದಳು.

"ತಿರುವಿನಲ್ಲಿ ಎಳೀಬೇಡಿ ಆಯ್ತಾ," ಎಂದರು ಶರ್ಲಿ ಬಾಯಿ. "ಹಗ್ಗ ಎಷ್ಟು ಬೇಕೋ ಅಷ್ಟು ಅದೇ ತೆಗೊಳ್ತದೆ. ನೀವು ಬಿಗಿ ಆಗ್ಲಿ ಅಂತ ಎಳೆದ್ರೆ ಮ್ಯಾಟ್ ಆಗುವುದಿಲ್ಲ, ಮುಟ್ಟಾಳೆ ಆಗ್ತದೆ."

ಗದ್ದೆ ಕೆಲಸದವರ ಹಾಳೆಯ ಟೊಪ್ಪಿಯ ಹೆಸರು ಕೇಳಿ ಶಶಿಪ್ರಭಾಳಿಗೆ ನಗು ಬಂತು. ನಗುತ್ತಲೇ ಎಳೆದಳು. ಬೇಕೆಂದು ಎಳೆದದ್ದಲ್ಲ, ಸಡಿಲ ಬಿಟ್ಟರೆ ಬಿಚ್ಚಿಹೋದೀತೆಂದು ಅವಳ ಕೈಗೆ ಹೆದರಿಕೆ. ಮೂರನೇ ದಿನ ಮುಗಿಸಿ ನೆಲಕ್ಕೆ ಹಾಕಿದರೆ ಹಾಸು ನೆಲಕ್ಕೆ ಕೂರಲೇ ಇಲ್ಲ. ಸುತ್ತಲೂ ಬದಿ ಎದ್ದು, ನಡು ತಗ್ಗಾಗಿ, ದೊಡ್ಡ ತಟ್ಟೆಯ ಹಾಗೆ ನಿಂತಿತು.

ಶರ್ಲಿ ಬಾಯಿ ಸೊಂಟಕ್ಕೆ ಕೈಕೊಟ್ಟು ನೋಡಿದರು. "ನಾನು ಹೇಳ್ಲಿಲ್ವಾ? ಬಿಚ್ಚಿ ಪುನಃ ಹೊಲೀಬೇಕಷ್ಟೆ."

"ಒಕ್ಕಲು ನಾಳೆ, ಶರ್ಲಿ ಬಾಯಿ."

"ಹಾಗಾದ್ರೆ ನೀರು ಚಿಮುಕಿಸಿ ಇಸ್ತ್ರಿ ಹಾಕುವ. ಮೇಲೆ ಅರೆಯುವ ಕಲ್ಲು ಇಡುವ. ದೇವರಿದ್ದಾನೆ."

ದೇವರು ಮುಕ್ಕಾಲು ಪಾಲು ಕೆಲಸ ಮಾಡಿಕೊಟ್ಟ. ಬದಿಗಳು ಇಳಿದವು, ನಡುವಿನ ತಗ್ಗು ಹೋಗಲಿಲ್ಲ.

ಮರುದಿನ ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಬದಲಾಯಿಸಿ, ನೇತ್ರಾವತಿಯ ಸಂಕ ದಾಟಿ ತೊಕ್ಕೊಟ್ಟಿನಲ್ಲಿ ಇಳಿದಾಗ ರಿಕ್ಷಾದ ಮೊಯ್ದೀನಬ್ಬ, "ಎಂತ ಅಕ್ಕ ಅದು, ಬುಟ್ಟಿಯಾ? ಹಿಂದೆ ಇಡುವನಾ?" ಎಂದು ಕೇಳಿದ. "ಬುಟ್ಟಿಯಲ್ಲ, ಮ್ಯಾಟು" ಎಂದು ಶಶಿಪ್ರಭಾ ಅದನ್ನು ಮಡಿಲಲ್ಲೇ ಇಟ್ಟುಕೊಂಡಳು. "ಬುಟ್ಟಿ ಹೇಳಿದ್ರೂ ನಡೀತದೆ" ಎಂದು ಅವನು ರಿಕ್ಷಾ ತಿರುಗಿಸಿದ.

ಹೊಸ ಮನೆಯ ಅಂಗಳದಲ್ಲಿ ಶಾಮಿಯಾನ, ಪೈಂಟಿನ ಮತ್ತು ಹೋಮದ ಹೊಗೆಯ ಬೆರಕೆ ವಾಸನೆ. ವನಜಾಕ್ಷಿಯ ಗಂಡ ತಾರಾನಾಥ, "ಬನ್ನಿ ಬನ್ನಿ, ಭಾವನವರ ಮನೆಯವರು ಎಲ್ಲ ಒಳಗಿದ್ದಾರೆ, ಅಲ್ಲಲ್ಲ, ಬನ್ನಿ ಅಕ್ಕ" ಎಂದು ಗಾಬರಿಯಲ್ಲಿ ತಡವರಿಸಿದ. ಪಡಸಾಲೆಯ ನಡುವೆ ರೇಷ್ಮೆ ಸೀರೆಯಲ್ಲಿ ನಿಂತಿದ್ದ ವನಜಾಕ್ಷಿಯ ಕೂದಲು ಕಿವಿಯ ಮೇಲೆ ಬೆಳ್ಳಗಾಗಿತ್ತು. ಅದು ಬೆಳ್ಳಗಾದದ್ದನ್ನು ಶಶಿಪ್ರಭಾ ನೋಡಿರಲಿಲ್ಲ.

"ಬಂದಿಯಾ ಅಕ್ಕ," ಎಂದಳು ವನಜಾಕ್ಷಿ. "ಬಾಯಾರಿಕೆಗೆ ಎಂತ ಬೇಕು? ಶರಬತ್ತು ಉಂಟು."

ಬಾಯಿಪಾಠ ಮಾಡಿದ ಒಂದು ಮಾತೂ ನೆನಪಿಗೆ ಬರಲಿಲ್ಲ. "ಇದು ನಿನಗೆ. ನಾನೇ ಹೊಲಿದದ್ದು," ಎಂದು ಶಶಿಪ್ರಭಾ ಕಾಗದ ಬಿಚ್ಚಿ, ಹಾಸನ್ನು ಅಲ್ಲೇ ನೆಲದ ಮೇಲೆ ಹರಡಿಬಿಟ್ಟಳು.

ವನಜಾಕ್ಷಿ ಬಾಗಿ ನೋಡಿದಳು. ಮೊದಲು ಮುಖದಲ್ಲಿ ನಗು ಬರುವುದರಲ್ಲಿತ್ತು. ಆಮೇಲೆ ಬೆರಳು ಕಾಫಿ ಬಣ್ಣದ ಚೌಕುಳಿಯ ಸುತ್ತಿನ ಮೇಲೆ ನಿಂತಿತು. ಅಲ್ಲಿಂದ ಹಸಿರಿಗೆ, ಹಸಿರಿನಿಂದ ದಾಸವಾಳ ಬಣ್ಣಕ್ಕೆ ಹೋಯಿತು. ಅಷ್ಟರಲ್ಲಿ ಯಾರೋ ನೆಂಟರ ಹೆಂಗಸು, "ಹೋ, ಮೆತ್ತಗೆ ಉಂಟಾ?" ಎಂದು ಕಾಲು ಮುಂದಿಟ್ಟಳು.

"ಮೆಟ್ಟಬೇಡಿ!" ವನಜಾಕ್ಷಿ ಕೂಗಿದ ರಭಸಕ್ಕೆ ಆಚೆ ಈಚೆಯವರು ತಿರುಗಿ ನೋಡಿದರು. ಅವಳು ಹಾಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಎತ್ತಿ ಎದೆಗಿಟ್ಟುಕೊಂಡಳು. ಒಳಗಿನ ಕೋಣೆಗೆ ಹೋದಳು. ಶಶಿಪ್ರಭಾ ಹಿಂದಿನಿಂದಲೇ ಹೋದಳು.

"ಇದು ನನ್ನ ಬಾಣಂತನಕ್ಕೆ ಬಂದಾಗ ಅಮ್ಮ ಉಟ್ಟದ್ದು," ಎಂದಳು ವನಜಾಕ್ಷಿ, ದನಿ ಏರಿಸದೆ. "ಇದರ ಮೇಲೆ ನಾನು ಕಾಲಿಡಬೇಕಾ?"

"ನಿನ್ನ ಹಿಮ್ಮಡಿ ನೋವಿಗೆ ಅಂತ..."

"ಐದು ವರ್ಷದ ಹಿಂದೆ ಎರಡು ಸೀರೆ ಕೇಳಿದ್ದೆ. ಈಗ ಕೊಟ್ಟಿ. ಹರಿದು ಕೊಟ್ಟಿ." ಅವಳು ಹಾಸನ್ನು ಸುರುಳಿ ಸುತ್ತಿ ಹೊಸ ಕಪಾಟಿನ ಮೇಲಿಟ್ಟಳು. "ಊಟ ಮಾಡಿಕೊಂಡು ಹೋಗು ಅಕ್ಕ."

ಶಶಿಪ್ರಭಾ ಊಟ ಮಾಡಿದಳು. ಮನೆಒಕ್ಕಲಿನ ಊಟ ಬಿಟ್ಟುಬಂದರೆ ಮನೆಗೆ ಒಳ್ಳೆಯದಲ್ಲ. ಪಂಕ್ತಿಯ ಕೊನೆಯಲ್ಲಿ ಕೂತು ಎಲೆಯ ಮೇಲಿನ ಪಾಯಸವನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದಾಗ ಅವಳಿಗೆ ತನ್ನ ತಪ್ಪು ಗೊತ್ತಾಯಿತು. ಕಾಲು ತಾಗಿದರೆ ಪುಸ್ತಕವನ್ನೂ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಹುಟ್ಟಿದವಳಿಗೆ ಅಮ್ಮನ ಸೀರೆಯನ್ನು ಕಾಲಡಿಗೆ ಹಾಸಬಾರದೆಂದು ಹೊಳೆಯಲಿಲ್ಲವೇ? ಹೊಳೆಯಲಿಲ್ಲ. ಮೂರು ವರ್ಷ ಅಮ್ಮನ ಮೈಯಿಂದ ಬಂದದ್ದನ್ನೆಲ್ಲ ಒಗೆದವಳಿಗೆ ಬಟ್ಟೆ ಬಟ್ಟೆಯೇ ಆಗಿಹೋಗಿತ್ತು. ಭಾನುವಾರದ ಅಮ್ಮನನ್ನು ಮಾತ್ರ ನೋಡಿದವಳಿಗೆ ಅದು ಹಾಗಲ್ಲ. ಈಗ ಇದನ್ನು ಯಾರಿಗೆ ವಿವರಿಸುವುದು? ಬಸ್ಸು ಸಂಕದ ಮೇಲೆ ಬಂದಾಗ ಕೆಳಗೆ ಬೆಂಗ್ರೆಯ ಕಡೆಯ ದೋಣಿಗಳು ಕಂಡವು. ಅವಳು ಮುಖ ಈಚೆ ತಿರುಗಿಸಿ ಕೂತಳು.

"ತಂಗಿಗೆ ಖುಷಿ ಆಯ್ತಾ?" ಎಂದು ಶರ್ಲಿ ಬಾಯಿ ಮೆಟ್ಟಿಲ ಬುಡದಲ್ಲೇ ಕಾದು ಕೇಳಿದರು.

"ಆಯ್ತು. ತುಂಬ."

"ಮುಟ್ಟಾಳೆ ಆದದ್ದು ಗೊತ್ತಾಗ್ಲಿಲ್ಲ ಅಲ್ವಾ?"

"ಇಲ್ಲ."

ಸುಳ್ಳು ಹೇಳಿದ ಮೇಲೆ ಅವರ ಮುಖ ನೋಡುವುದು ಕಷ್ಟವಾಯಿತು. ಶಶಿಪ್ರಭಾ ಕೆಳಗಿಳಿಯುವುದನ್ನೇ ಕಡಿಮೆ ಮಾಡಿದಳು. ಹಾಲಿನ ಪ್ಯಾಕೆಟ್ಟು ಹಗ್ಗ ಕಟ್ಟಿದ ಚೀಲದಲ್ಲಿ ಮೇಲೆ ಬರುತ್ತಿತ್ತು. ಮಧ್ಯಾಹ್ನ ಕಾಲುಮೆಷಿನ್ನಿನ ಮೇಲೆ ಬಟ್ಟೆ ಹೊದೆಸಿ, ಅದರ ಮೇಲೆ ತಟ್ಟೆಯಿಟ್ಟು ಊಟ ಮಾಡುತ್ತಿದ್ದಳು. ಒಂದು ಸಲ ಮೂರು ದಿನ ಯಾರೊಂದಿಗೂ ಮಾತಾಡದೆ ಇದ್ದು, ನಾಲ್ಕನೇ ದಿನ ಗ್ಯಾಸಿನವನಿಗೆ "ಇಲ್ಲಿಡು" ಎಂದಾಗ ಅವಳ ದನಿ ಅವಳಿಗೇ ಬೇರೆ ಯಾರದ್ದೋ ಹಾಗೆ ಕೇಳಿಸಿತು. ಇದ್ದ ಒಂದು ದಾರಿಯನ್ನೂ ಕೈಯಾರೆ ಮುಚ್ಚಿದೆ ಎಂದು ಅವಳು ನಿಶ್ಚಯ ಮಾಡಿಕೊಂಡಳು. ನಿಶ್ಚಯವಾದ ಮೇಲೆ ಅಳುವುದೂ ನಿಂತಿತು.

ಒಕ್ಕಲು ಕಳೆದು ನಾಲ್ಕನೇ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ ಬೆಲ್ಲಾಯಿತು. ಭಾನುವಾರ, ಹತ್ತು ಗಂಟೆ. ಶಶಿಪ್ರಭಾ ಕೈಯಲ್ಲಿದ್ದ ಸೌಟನ್ನು ಎಲ್ಲಿಟ್ಟಳೆಂದು ಅವಳಿಗೆ ಆಮೇಲೂ ನೆನಪಾಗಲಿಲ್ಲ. ಕೂದಲು ಸರಿಮಾಡಿಕೊಂಡು ಓಡಿ ಬಾಗಿಲು ತೆರೆದಳು.

ಮನ್ವಿತಾ ಒಬ್ಬಳೇ ನಿಂತಿದ್ದಳು. ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ಬಟ್ಟೆಯಂಗಡಿಯ ಚೀಲ.

"ಅಮ್ಮ ಬರ್ಲಿಲ್ಲ ದೊಡ್ಡಮ್ಮ," ಎಂದಳು, ಕೇಳುವ ಮೊದಲೇ. ಒಳಗೆ ಬಂದು ಚೀಲವನ್ನು ಮೇಜಿನ ಮೇಲಿಟ್ಟಳು. "ಇದು ನಿಮಗೆ ಕೊಡ್ಲಿಕ್ಕೆ ಹೇಳಿದ್ದಾರೆ."

ಚೀಲದಲ್ಲಿ ಹತ್ತು ಸುರುಳಿಗಳಿದ್ದವು. ಕಾಫಿ ಬಣ್ಣದ ಎರಡು, ಹಸಿರು ಎರಡು, ದಾಸವಾಳದ್ದು ಎರಡು, ಹೀಗೆ ಐದೂ ಸೀರೆಗಳದ್ದು. ಹೊಲಿಗೆ ಬಿಚ್ಚಿ, ಒಗೆದು, ಇಸ್ತ್ರಿ ಹಾಕಿ, ಒಂದೊಂದನ್ನೂ ನೂಲಿನಿಂದ ಕಟ್ಟಿತ್ತು. ಪಟ್ಟಿಯ ಎರಡೂ ಬದಿ ಸೂಜಿಯ ತೂತುಗಳ ಸಾಲು ಬಿಟ್ಟರೆ ಒಂದೆಳೆಯೂ ಹರಿದಿರಲಿಲ್ಲ.

"ಮೂರು ವಾರ ಕೂತು ಒಂದೊಂದೇ ಹೊಲಿಗೆ ಬಿಚ್ಚಿದ್ರು," ಎಂದಳು ಮನ್ವಿತಾ. "ಬ್ಲೇಡ್ ಮುಟ್ಟಲಿಲ್ಲ, ಪಿನ್ನಿನಲ್ಲೇ. ಹೋಟೆಲಿಗೂ ಹೋಗ್ಲಿಲ್ಲ. ಅಪ್ಪ ಒಂದು ದಿನ ಬೈದ್ರು ಕೂಡ. ಸೀರೆ ಅಕ್ಕನಿಗೇ ಇರ್ಲಿ ಹೇಳಿ ಅಮ್ಮ ಹೇಳಿದ್ರು."

ಶಶಿಪ್ರಭಾ ಕುರ್ಚಿ ಎಳೆದು ಕೂತಳು. ಕೊಟ್ಟದ್ದನ್ನು ಇಟ್ಟುಕೊಳ್ಳಲೂ ತಂಗಿಗೆ ಮನಸ್ಸಿಲ್ಲ. "ಆಯ್ತು ಮಗಾ. ಚಾ ಮಾಡ್ತೇನೆ," ಎಂದಳು. ಏಳಲಿಲ್ಲ.

"ದೊಡ್ಡಮ್ಮ, ಒಂದು ಕೇಳ್ಲಿಕ್ಕೆ ಉಂಟು." ಹುಡುಗಿ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟು ಅದರ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅದರ ಒಳಗೆ ಬಿಳಿ ಬಟ್ಟೆ ಇತ್ತಲ್ಲ. ಕೆಲವು ಪಟ್ಟಿಯ ತುದಿಯಲ್ಲಿ ಕೆಂಪು ನೂಲಿನ ಅಕ್ಷರ ಉಂಟು. ಬು, ಗು, ಶು ಅಂತ. ಅದು ಎಂತದ್ದು ಕೇಳಿಕೊಂಡು ಬಾ ಹೇಳಿದ್ರು ಅಮ್ಮ."

ಹೊರಗೆ ಯಾರೋ ಸ್ಕೂಟರಿನ ಹಾರನ್ ಹೊಡೆದು ಹೋದರು. ಶಶಿಪ್ರಭಾ ಸುರುಳಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು, ಮತ್ತೆ ಕೆಡಿಸಿದಳು. ಒಳಗೆ ಯಾರು ನೋಡ್ತಾರೆ ಎಂದಿದ್ದರು ಶರ್ಲಿ ಬಾಯಿ. ಅಮ್ಮ ಹೋಗಿ ಐದು ವರ್ಷವಾಯಿತು. ಕೊಟ್ಟ ಮಾತು ಎಷ್ಟು ವರ್ಷದ್ದು?

"ವಾರದ ಹೆಸರು," ಎಂದಳು ಕೊನೆಗೆ. "ಅಜ್ಜಿಯ ಹಾಸಿಗೆಯ ಶೀಟು ಅದು. ದಿನಕ್ಕೊಂದು. ಒಮ್ಮೊಮ್ಮೆ ದಿನಕ್ಕೆ ಎರಡು ಮೂರೂ ಆಗ್ತಿತ್ತು."

"ನೀಲಿ ಅಂಚಿನದ್ದೊಂದನ್ನು ಅಮ್ಮ ಗುರುತು ಹಿಡಿದ್ರು. ಇದು ನಾನು ಹೋದಾಗೆಲ್ಲ ಹಾಸಿಗೆಯಲ್ಲಿ ಇತ್ತು ಹೇಳಿದ್ರು. ಉಳಿದದ್ದನ್ನು ನೋಡಿಯೇ ಇಲ್ಲವಂತೆ. ಅದರಲ್ಲಿ ಕಲೆ ಉಂಟಲ್ಲ ದೊಡ್ಡಮ್ಮ, ತುಂಬ..."

"ಕುದಿಸಿದ್ರೂ ಹೋಗ್ಲಿಲ್ಲ," ಎಂದಳು ಶಶಿಪ್ರಭಾ, ತನ್ನ ಕೆಲಸದಲ್ಲಿ ಕೊರತೆಯಾದದ್ದಕ್ಕೆ ಸಮಜಾಯಿಷಿ ಕೊಡುವವಳ ಹಾಗೆ. "ನೀಲಿಯದ್ದು ಭಾನುವಾರಕ್ಕೆ. ನಿನ್ನ ಅಮ್ಮ ಬರುವ ದಿನಕ್ಕೆ. ಅಜ್ಜಿ ಹಾಗೆ ಹೇಳಿದ್ರು." ಅಷ್ಟು ಹೇಳಿ ಚೀಲದೊಳಗೆ ಕೈಹಾಕಿ ನೋಡಿದಳು. "ಆ ಬಿಳಿಯದ್ದೆಲ್ಲ ಎಲ್ಲಿ? ಬಿಸಾಡಿದಳಾ?"

"ಇಲ್ಲಪ್ಪ. ಅದು ಕೊಡುವುದಿಲ್ಲ ಹೇಳಿದ್ರು." ಮನ್ವಿತಾ ತಲೆಯೆತ್ತಲಿಲ್ಲ. "ಅಮ್ಮನೇ ಇಟ್ಟುಕೊಂಡಿದ್ದಾರೆ. ದಿನಾ ಒಗೀತಾರೆ ದೊಡ್ಡಮ್ಮ. ಒಗೆದು ಒಣಗಿಸಿದ್ದನ್ನೇ ಪುನಃ ಒಗೀತಾರೆ."

ಶಶಿಪ್ರಭಾ ಎದ್ದು ಚಾ ಮಾಡಿದಳು. ಸಕ್ಕರೆ ಹಾಕಲು ಮರೆತಿದ್ದಳು. ಹುಡುಗಿ ಹಾಗೆಯೇ ಕುಡಿದಳು. ಹೋಗುವಾಗ ಅವಳು ದೊಡ್ಡಮ್ಮನ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು, "ನಾನು ಹೇಳ್ತೇನೆ ಅಮ್ಮನಿಗೆ. ವಾರದ ಹೆಸರು ಅಂತ" ಎಂದಳು. ಮೆಟ್ಟಿಲಿನಲ್ಲಿ ಅವಳ ಹೆಜ್ಜೆ ಇಳಿದು, ಸ್ಕೂಟರು ಗೇಟು ದಾಟಿ ಹೋಯಿತು.

ತೊಕ್ಕೊಟ್ಟಿಗೆ ಮುಟ್ಟಲು ಅರ್ಧ ಗಂಟೆ ಬೇಕು. ಶಶಿಪ್ರಭಾ ಒಂದು ಗಂಟೆ ಬಿಟ್ಟಳು. ಆಮೇಲೆ ಕಪಾಟು ತೆರೆದು, ಅಂಚು ಕಳೆದುಕೊಂಡು ಕೂತಿದ್ದ ಕಾಫಿ ಬಣ್ಣದ ಸೀರೆಯನ್ನು ತೆಗೆದಳು. ಅಮ್ಮನ ವಾಸನೆ ಅದರಲ್ಲಿ ಇರಲಿಲ್ಲ. ಹೋಗಿ ಎಷ್ಟು ದಿನವಾಗಿತ್ತೋ. ಕಾಲುಮೆಷಿನ್ನಿನ ಹೊದಿಕೆ ತೆಗೆದು, ಕಾಫಿ ಬಣ್ಣದ ಸುರುಳಿಯೊಂದನ್ನು ಬಿಡಿಸಿ, ಸೀರೆಯ ಹರಿದ ಬದಿಗೆ ಇಟ್ಟು ನೋಡಿದಳು. ಚೌಕುಳಿಗೆ ಚೌಕುಳಿ ಕೂಡಿತು. ಸೂಜಿಗೆ ಕಂದು ನೂಲು ಪೋಣಿಸಿದಳು.

ತಂಗಿಯ ನಂಬರು ಹುಡುಕಬೇಕಾಗಿರಲಿಲ್ಲ. ಐದು ವರ್ಷವಾದರೂ ಬೆರಳಿಗೆ ನೆನಪಿತ್ತು. ನಾಲ್ಕು ಸಲ ರಿಂಗಾಗಿ ಆ ಕಡೆ ಎತ್ತಿದರು. ಹಲೋ ಎನ್ನಲಿಲ್ಲ.

ಶಶಿಪ್ರಭಾಳೂ ಹಲೋ ಎನ್ನಲಿಲ್ಲ. ಫೋನನ್ನು ಕಿವಿಗೊತ್ತಿ ಕೇಳಿದಳು. ಲೈನು ಸತ್ತಿರಲಿಲ್ಲ. ದೂರದಲ್ಲಿ ಒಂದು ಕಾಗೆ, ಹತ್ತಿರದಲ್ಲಿ ನಲ್ಲಿಯ ನೀರು ಬಕೆಟಿಗೆ ಬೀಳುವ ಸದ್ದು, ಅದಕ್ಕಿಂತಲೂ ಹತ್ತಿರದಲ್ಲಿ ಉಸಿರು. ನಲ್ಲಿ ನಿಂತಿತು. ಉಸಿರು ನಿಲ್ಲಲಿಲ್ಲ.

ಅವಳು ಸ್ಪೀಕರ್ ಒತ್ತಿ, ಫೋನನ್ನು ಮೆಷಿನ್ನಿನ ಹಲಗೆಯ ಮೇಲೆ ಮೆಲ್ಲನೆ ಇಟ್ಟಳು. ಕಾಲು ತುಳಿದಳು. ಪಟ್ಟಿ ಮತ್ತು ಸೀರೆ ಒಟ್ಟಿಗೆ ಸೂಜಿಯ ಕೆಳಗೆ ಹೋದವು. ಅವಳು ಎಳೆಯಲಿಲ್ಲ, ಅದರಷ್ಟಕ್ಕೇ ಹೋಗಲು ಬಿಟ್ಟಳು. ಅರ್ಧ ಸೀರೆಯಾಗುವಾಗ ಆ ಕಡೆ ಮೂಗು ಒರೆಸಿಕೊಂಡದ್ದು ಕೇಳಿಸಿತು. ಫೋನಿನ ಪರದೆಯ ಮೇಲೆ ನಿಮಿಷಗಳು ಏರುತ್ತಿದ್ದವು. ಮೂರು ನಿಮಿಷ ಆಯಿತು ಎಂದು ನಡುವೆ ಬಾಯಿ ಹಾಕುವವರು ಯಾರೂ ಇರಲಿಲ್ಲ.